ಕಾನ್ವೆಂಟ್ ಶಾಲೆಯ ಹಸಿ ಬಾಣಂತಿ

ಕೂತವರನ್ನು ಎಬ್ಬಿಸುವುದರಲ್ಲಿ ಕಾನ್ವೆಂಟ್ ಶಾಲೆಯವರಿಗೆ ಇರುವಷ್ಟು ಆಸಕ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಟೀಚರ್ ಒಳಗೆ ಬಂದರೆ ಏಳಬೇಕು, ಹೊರಗೆ ಹೋದರೆ ಏಳಬೇಕು, ಊಟಕ್ಕೆ ಮುಂಚೆ ಎದ್ದು ಕೈಮುಗಿಯಬೇಕು, ಉಂಡ ಮೇಲೂ ಎದ್ದು ಕೈಮುಗಿಯಬೇಕು. ಅತಿಥಿ ಬಂದರಂತೂ ಮಕ್ಕಳೆಲ್ಲ ಒಟ್ಟಿಗೆ ಎದ್ದು ರಾಗ ಎಳೆದು ನಮಸ್ಕಾರ ಹೇಳುತ್ತವೆ. ಆ ರಾಗ ಮುಗಿಯುವಷ್ಟರಲ್ಲಿ ಅತಿಥಿ ಮುಂದಿನ ಕೋಣೆಗೆ ಹೋಗಿರುತ್ತಾನೆ. ನನ್ನ ಮೊಮ್ಮಗಳು ಶರಣಿ ಆ ಶಾಲೆಗೆ ಸೇರಿದ ಹೊಸದರಲ್ಲಿ ಮನೆಯಲ್ಲೂ ನನ್ನನ್ನು ಕಂಡ ಕೂಡಲೇ ದಡಕ್ಕನೆ ಎದ್ದು ನಿಲ್ಲತೊಡಗಿದಳು. ನನಗೆ ಹಿಗ್ಗೋ ಹಿಗ್ಗು. ಆಮೇಲೆ ನೋಡಿದರೆ ಬೆಕ್ಕು ಬಂದರೂ ಎದ್ದು ನಿಲ್ಲುತ್ತಿದ್ದಳು.

ನಾನು ಓದಿದವಳಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಬಸ್ಸಿನ ಬೋರ್ಡು ಓದಿ ಓದಿ ಅಕ್ಷರ ಕೂಡಿಸಿಕೊಂಡವಳು. ಹಾಗಾಗಿ ನನ್ನ ಬರವಣಿಗೆಯೂ ನಮ್ಮ ಕಡೆಯ ಬಸ್ಸಿನ ಹಾಗೆ, ಕೈ ಮಾಡಿದಲ್ಲೆಲ್ಲ ನಿಲ್ಲುತ್ತದೆ. ಹತ್ತಿದವರು ಸ್ವಲ್ಪ ತಾಳ್ಮೆಯಿಂದ ಕೂರಬೇಕು.

ನನ್ನ ಮಗ ಅವಳನ್ನು ಅಲ್ಲಿಗೆ ಹಾಕಿದ್ದು ಶಿಸ್ತು ಬರಲಿ ಎಂದು. ಶಿಸ್ತು ಬಂತೋ ಇಲ್ಲವೋ, ಕಾರ್ಯಕ್ರಮಗಳಂತೂ ಬಂದವು. ಒಂದು ದಿನ ಹಳದಿ ದಿನ: ಹಳದಿ ಅಂಗಿ ತೊಟ್ಟು ಬಾಳೆಹಣ್ಣು ತರಬೇಕು. ಇನ್ನೊಂದು ದಿನ ಹಸಿರು ದಿನ. ಶಾಲೆಯಿಂದ ಗೊರೇಬಾಳ ಹಳ್ಳಿಯವರೆಗೂ ಭತ್ತದ ಗದ್ದೆ ಹಸಿರಾಗಿ ಹಾಸಿಕೊಂಡಿರುವಾಗ, ಮಕ್ಕಳಿಗೆ ಹಸಿರು ಎಂದರೆ ಏನೆಂದು ತೋರಿಸಲು ಟೀಚರು ಪ್ಲಾಸ್ಟಿಕ್ ಎಲೆ ತಂದು ಗೋಡೆಗೆ ಅಂಟಿಸಿದ್ದರು. ರೈತರ ದಿನವೂ ಬಂತು. ರೈತರ ಮಕ್ಕಳಿಗೇ ಹತ್ತಿಯ ಮೀಸೆ ಅಂಟಿಸಿ ರೈತರ ವೇಷ ಹಾಕಿಸಿದರು. ನಿಜವಾದ ರೈತರು ಗೇಟಿನ ಹೊರಗೆ ಬೈಕಿನ ಮೇಲೆ ಕೂತಿದ್ದರು. ಕಾಲಲ್ಲಿ ಕೆಸರಿದೆಯೆಂದು ವಾಚ್‌ಮನ್ ಒಳಗೆ ಬಿಟ್ಟಿರಲಿಲ್ಲ.

ಅಜ್ಜ-ಅಜ್ಜಿಯರ ದಿನ ಎಂಬುದೊಂದಿದೆ. ಅದು ಯೇಸುವಿನ ಅಜ್ಜ-ಅಜ್ಜಿಯ ಹಬ್ಬವಂತೆ. ದೇವರ ಅಜ್ಜಿಗೂ ಒಂದು ಹಬ್ಬ ಇಟ್ಟುಕೊಂಡ ಜನರ ಮೇಲೆ ನನಗೆ ಗೌರವವೇ ಬಂತು. ನಮ್ಮ ದೇವರುಗಳಲ್ಲಿ ಒಬ್ಬರ ಅಜ್ಜಿಯ ಹೆಸರೂ ನನಗೆ ಗೊತ್ತಿಲ್ಲ. ಗುಲಾಬಿ ಕೊಟ್ಟರು, ಹಾಡು ಹೇಳಿದರು. ಆಮೇಲೆ ಕುರ್ಚಿಗಳನ್ನು ಸುತ್ತಲೂ ಇಟ್ಟು, ಮೈಕಿನಲ್ಲಿ ಹಾಡು ಹಾಕಿ, ಮೊಣಕಾಲು ಸವೆದ ಮುದುಕಿಯರನ್ನೆಲ್ಲ ಅದರ ಸುತ್ತ ಓಡಿಸಿದರು. ಹಾಡು ನಿಂತಾಗ ಕೂರಬೇಕು, ಪ್ರತಿ ಸುತ್ತಿಗೂ ಒಂದು ಕುರ್ಚಿ ತೆಗೆಯುತ್ತಾರೆ. ಹಿರಿಯರಿಗೆ ಮರ್ಯಾದೆ ಮಾಡುವುದೆಂದರೆ ಅವರ ಬುಡದಿಂದ ಕುರ್ಚಿ ಎಳೆಯುವುದು ಎಂದು ನನಗೆ ಅಂದೇ ತಿಳಿದದ್ದು. ನಮ್ಮ ಪಕ್ಕದ ಮನೆಯ ಹುಸೇನಬಿ ಮೊದಲ ಸುತ್ತಿಗೇ ಕೂತಳು, ಮತ್ತೆ ಏಳಲಿಲ್ಲ.

"ಏಳಿ ಅಜ್ಜಿ, ಆಟ ಇನ್ನೂ ಇದೆ," ಎಂದರು ದೊಡ್ಡ ಸಿಸ್ಟರ್. ಶಾಲೆಗೆ ಅವರೇ ಹೆಡ್‌ಮಿಸ್, ಮಂಗಳೂರಿನ ಕಡೆಯವರು. ಕನ್ನಡವನ್ನು ಇಸ್ತ್ರಿ ಮಾಡಿ ಮಾತಾಡುತ್ತಾರೆ.

"ನಿಮ್ಮ ಆಟ ಇರ್ಲಿ ಬಿಡ್ರೀ ಸಿಸ್ಟರ್. ನನ್ನದು ಮುಗೀತು," ಎಂದಳು ಹುಸೇನಬಿ.

ನಾನು ಹೇಳಹೊರಟಿದ್ದು ಹೋದ ಕ್ರಿಸ್‌ಮಸ್ಸಿನ ನಾಟಕದ ಕಥೆ. ಯೇಸು ಹುಟ್ಟಿದ ಪ್ರಸಂಗ, ಪೂರ್ತಿ ಇಂಗ್ಲಿಷಿನಲ್ಲಿ. ಪಾತ್ರ ಹಂಚುವ ಕ್ರಮ ಸರಳ. ಕಾಲುವೆ ನೀರಿನಂತೆ ಇಂಗ್ಲಿಷ್ ಹರಿಸುವವರು ದೇವದೂತರು, ರಾಜರು. ತಡವರಿಸುವವರು ಕುರುಬರು. ಏನೂ ಬಾರದವರು ಕುರಿ, ಮರ, ಬಂಡೆ. ಶರಣಿ ಒಂದು ವರ್ಷ ಮರವಾಗಿದ್ದಳು, ಮರುವರ್ಷ ಬಂಡೆಯಾದಳು. ಹೀಗೇ ಇಳಿಯುತ್ತ ಹೋದರೆ ಇವಳು ಮುಂದೆ ಬರೀ ಮಣ್ಣಾಗುತ್ತಾಳೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ, ಅವಳಿಗೆ ಯೇಸುವಿನ ತಾಯಿ ಮೇರಿಯ ಪಾತ್ರ ಬಂತು.

ಅದನ್ನು ಮೊದಲು ಕೊಟ್ಟದ್ದು ಡಾಕ್ಟರ ಮಗಳಿಗೆ. ಮೇರಿಗೆ ಒಂದೂ ಮಾತಿಲ್ಲ ಎಂದು ತಿಳಿದ ಅವಳ ತಾಯಿ, ಸುಮ್ಮನೆ ಕೂರಲಿಕ್ಕೆ ನಮ್ಮ ಹುಡುಗಿ ಟ್ಯೂಶನ್ನಿಗೆ ಯಾಕೆ ಹೋಗಬೇಕಿತ್ತು ಎಂದು ಬೇಡವೆಂದಳು. ಸಿಸ್ಟರಿಗೆ ಅಲುಗಾಡದೆ ಕೂರುವ ಮಗು ಬೇಕಾಯಿತು. ಬಂಡೆಯಾಗಿ ಅನುಭವವಿದ್ದದ್ದು ಶರಣಿಗೆ. ಆದರೆ ಮೇರಿ ನಟ್ಟನಡುವೆ ಕೂರುತ್ತಾಳೆ, ಎಲ್ಲ ಫೋಟೋಗಳಲ್ಲೂ ಬರುತ್ತಾಳೆ ಎಂದು ಆ ತಾಯಿಗೆ ಆಮೇಲೆ ಹೊಳೆಯಿತು. ಪಾತ್ರ ವಾಪಸು ಕೊಡಿ ಎಂದು ಬಂದು ನಿಂತಳು. ಸಿಸ್ಟರ್ ನ್ಯಾಯ ಮಾಡಿದರು. ಶರಣಿಯೇ ಮೇರಿ, ಆದರೆ ಡಾಕ್ಟರ ಮಗಳೂ ನೀಲಿ ಮುಸುಕು ಹೊದ್ದು ಪರದೆಯ ಹಿಂದೆ ಸಿದ್ಧವಾಗಿರುತ್ತಾಳೆ. ಶರಣಿ ತಪ್ಪಿದಳೋ, ಇವಳು ಒಳಗೆ. ಲಾರಿಗೆ ಸ್ಟೆಪ್ನಿ ಇಟ್ಟುಕೊಂಡ ಹಾಗೆ.

ಅಂದಿನಿಂದ ಹುಡುಗಿಗೆ ಊಟ ರುಚಿಸಲಿಲ್ಲ. ಅವಳಿಗೆ ತಾಯಿ ಅವ್ವ, ನಾನು ಅಮ್ಮ. "ಅಮ್ಮ, ನಾ ತಪ್ಪಿದ್ರ ಅಕಿ ಬಂದು ನನ್ನ ಜಾಗಾದಾಗ ಕುಂದರ್ತಾಳಂತ," ಎಂದು ಕೂತರೂ ನಿಂತರೂ ಅದೇ ಮಾತು.

"ನೀ ಏನು ಮಾಡೋದೈತಿ, ಹೇಳು," ಎಂದೆ.

"ಕೂಸಿನ ಮುಂದ ತಲಿ ತಗ್ಗಿಸಿ ಕುಂದರೋದು. ಆಮ್ಯಾಲ ಸಿಸ್ಟರ್ ಪರದೆ ಹಿಂದ ಸಣ್ಣ ಗಂಟಿ ಬಾರಸ್ತಾರ. ಆವಾಗ ಎದ್ದು ಕೂಸು ಎತ್ಕೊಂಡು ಈಜಿಪ್ಟಿಗೆ ಹೋಗೋದು. ಹೆರೋದ ರಾಜ ಕೂಸನ್ನ ಕೊಲ್ಲಾಕ ಬರ್ತಾನ."

"ಹಡೆದ ಕೂಡ್ಲೇ ಹೋಗ್ತಾಳಾ?"

"ಹೂಂ. ಕತ್ತೆ ಮ್ಯಾಲ."

"ಈಜಿಪ್ಟು ಮುದಗಲ್ಲಿಗಿಂತ ದೂರನಾ?"

"ಭಾಳ ದೂರ."

"ಹಸಿಮೈಲೆ ಕತ್ತೆ ಮ್ಯಾಲ ಅಷ್ಟು ದೂರ ಹೋದ್ರ ಸೊಂಟ ಉಳೀತೈತೇನಲೇ?"

ಸಿಸ್ಟರ್ ಅದನ್ನು ಹೇಳಿಕೊಟ್ಟಿರಲಿಲ್ಲ.

ನಾನು ನನಗೆ ತಿಳಿದದ್ದನ್ನು ಹೇಳಿಕೊಟ್ಟೆ. ಬಾಣಂತಿ ಹೇಗೆ ಕೂರುತ್ತಾಳೆ, ಬೆನ್ನು ಎಲ್ಲಿ ಆನಿಸುತ್ತಾಳೆ, ಕಾಲು ಹೇಗೆ ಮುಚ್ಚಿಕೊಳ್ಳುತ್ತಾಳೆ, ಗಾಳಿ ಹೋಗದಂತೆ ಕಿವಿಗೆ ಹತ್ತಿ ಹೇಗೆ ಇಡುತ್ತಾರೆ. ಹುಸೇನಬಿ ಗೋಡೆಯಾಚೆಯಿಂದ ಕೇಳಿಸಿಕೊಂಡು ಬಂದಳು. "ನಮ್ಮ ಮರಿಯಂ ಬೀನ ಅಲ್ಲೇನು ಅಕಿ? ನಮ್ಮ ಕುರಾನದಾಗೂ ಅದಾಳ. ಖಜೂರದ ಗಿಡದ ಬುಡದಾಗ ಹಡೆದ್ಲು, ಖಜೂರ ತಿಂದ್ಲು," ಎಂದಳು. ಖರ್ಜೂರ ತಿಂದಳೆಂದರೆ ಬಾಣಂತಿಗೆ ಕೊಡುವ ಅಂಟಿನುಂಡೆಗೆ ಅರ್ಧ ಸಾಮಾನು ಆದ ಹಾಗೆಯೇ. ಮೂವರು ರಾಜರು ಚಿನ್ನ, ಲೋಬಾನ, ರಕ್ತಬೋಳ ತಂದು ಕೊಟ್ಟರು ಎಂದು ಶರಣಿ ಹೇಳಿದಾಗ ನನಗೆ ಇನ್ನೂ ಆಶ್ಚರ್ಯವಾಯಿತು. ಲೋಬಾನದ ಹೊಗೆ ತಾಯಿ-ಮಗುವಿಗೆ ನಾವೂ ಹಾಕುತ್ತೇವೆ. ಬೋಳವನ್ನು ನಮ್ಮ ಹಿರಿಯರು ತೇದು ಬಾಣಂತಿಗೆ ಕುಡಿಸುತ್ತಿದ್ದರು. ರಾಜರಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು? ಅವರ ಮನೆಯ ಹೆಂಗಸರೇ ಕಟ್ಟಿ ಕೊಟ್ಟಿರಬೇಕು. ಕಥೆಯಲ್ಲಿ ಹೆಸರು ಬಂದದ್ದು ಗಂಡಸರದು.

ನಾಟಕದ ದಿನ ಮಧ್ಯಾಹ್ನ ಪೆಂಡಾಲು ತುಂಬಿತ್ತು. ಸಾಲಗುಂದ, ಗೊರೇಬಾಳದ ಮಕ್ಕಳ ಅಜ್ಜಿಯರೆಲ್ಲ ಶಾಲೆಯ ಬಸ್ಸಿನಲ್ಲೇ ಬಂದಿದ್ದರು. ಎಲ್ಲರ ಕೈಯಲ್ಲೂ ಚೀಲ. ನನ್ನದರಲ್ಲಿ ಅಂಟಿನುಂಡೆ, ಕುಪ್ಪಸದ ಕಣ, ಉಡಿ ತುಂಬಲು ಅಕ್ಕಿ-ಕೊಬ್ಬರಿ. ಹುಸೇನಬಿಯದರಲ್ಲಿ ಖರ್ಜೂರ. ನಾಟಕವೆಂದು ನಮಗೆ ಗೊತ್ತಿತ್ತು, ನಾವೇನು ಹುಚ್ಚರಲ್ಲ. ಆದರೂ ಇಂಥ ಹೊತ್ತಿಗೆ ಇಂಥಲ್ಲಿ ಹೆರಿಗೆಯಾಗುತ್ತದೆ ಎಂದು ಮೊದಲೇ ತಿಳಿಸಿದ ಮೇಲೆ ಬರಿಗೈಯಲ್ಲಿ ಯಾರು ಹೋಗುತ್ತಾರೆ?

ಪರದೆ ಏಳುವ ಮುಂಚೆ ನಾನು ಹಿಂದೆ ಹೋಗಿ ಶರಣಿಯನ್ನು ನೋಡಿದೆ. ನೀಲಿ ಮುಸುಕು ಚೆನ್ನಾಗಿಯೇ ಇತ್ತು, ಆದರೆ ಎರಡೂ ಕಡೆಯಿಂದ ಫ್ಯಾನಿನ ಗಾಳಿ. ಮುಸುಕಿನೊಳಗೆ ಯಾರಿಗೆ ಕಾಣುತ್ತದೆ ಎಂದು ಎರಡು ಕಿವಿಗೂ ಹತ್ತಿ ಒತ್ತಿ ಬಂದೆ. ಗಂಟೆಯ ಮಾತು ನನ್ನ ತಲೆಯಲ್ಲಿ ಉಳಿದಿರಲಿಲ್ಲ.

ಯೇಸು ಹುಟ್ಟಿದ. ಪ್ಲಾಸ್ಟಿಕ್ ಗೊಂಬೆ, ಕೆಂಪು ತುಟಿ. ಕುರಿಗಳು ಬಂದವು, ರಾಜರು ಬಂದರು, ದೇವದೂತ ರೆಕ್ಕೆ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಎಚ್ಚರಿಸಿ ಹೋದ. ಗಂಟೆ ಬಾರಿಸಿತು. ಶರಣಿ ಅಲುಗಲಿಲ್ಲ. ಮತ್ತೆ ಬಾರಿಸಿತು. ಸಿಸ್ಟರ್ ಪರದೆಯಿಂದ ಮುಖ ಹೊರಹಾಕಿ, "ಏಳು ಶರಣಿ, ಏಳು!" ಎಂದರು. ಹುಡುಗಿ ನಾನು ಹೇಳಿಕೊಟ್ಟಂತೆ ಬೆನ್ನು ಆನಿಸಿ, ಕಾಲು ಮುಚ್ಚಿ, ಗೊಂಬೆಯನ್ನೇ ನೋಡುತ್ತ ಕೂತಿದ್ದಳು.

ಸಿಸ್ಟರಿಗೆ ಉಳಿದದ್ದು ಸ್ಟೆಪ್ನಿ. ಡಾಕ್ಟರ ಮಗಳು ನೀಲಿ ಮುಸುಕಿನಲ್ಲಿ ವೇದಿಕೆಗೆ ಬಂದಳು. ಈಗ ಒಂದು ಕೂಸಿಗೆ ಇಬ್ಬರು ಮೇರಿಯರು. ಶರಣಿ ತಲೆಯೆತ್ತಿ ಅವಳನ್ನು ನೋಡಿದ್ದೇ ತಡ, ಗೊಂಬೆಯನ್ನು ಎದೆಗೆ ಒತ್ತಿ ಹಿಡಿದಳು.

"ಇಕಿ ಯಾರವ್ವ ಮತ್ತ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

"ತಂಗಿ ಇರ್ಬೇಕು. ಬಾಣಂತನ ಮಾಡಾಕ ಬಂದಾಳ," ಎಂದಳು ಹುಸೇನಬಿ, ಇಡೀ ಪೆಂಡಾಲಿಗೆ ಕೇಳುವಂತೆ. "ಏ ಹುಡುಗಿ, ನಿಂತಿಯಲ್ಲ, ಅಕ್ಕಗ ನೀರು ಕೊಡು!"

ಡಾಕ್ಟರ ಮಗಳಿಗೂ ಅಷ್ಟೇ ಬೇಕಾಗಿತ್ತೆಂದು ಕಾಣುತ್ತದೆ. ಅವಳು ಶರಣಿಯ ಪಕ್ಕ ಕೂತು ಮುಸುಕು ಸರಿಪಡಿಸಿದಳು. ಆಗ ಬಂದ ಹೆರೋದ, ರೈಸ್ ಮಿಲ್ಲಿನವರ ಹುಡುಗ. ತಗಡಿನ ಕತ್ತಿ, ಉದ್ದನೆಯ ಇಂಗ್ಲಿಷ್ ಭಾಷಣ. ಕೂಸು ಪಾರಾಗಿ ಹೋಗಿದೆ ಎಂದು ಖಾಲಿ ವೇದಿಕೆಯ ಮೇಲೆ ಅವನು ಅಬ್ಬರಿಸಬೇಕಿತ್ತು. ಕೂಸು ಎದುರಿಗೇ ಇತ್ತು. ಅವನು ಕಲಿತ ಭಾಷಣ ಬಿಡುವಂತಿಲ್ಲ, ಕತ್ತಿ ಎತ್ತಿ ಅಬ್ಬರಿಸಿಯೇ ಬಿಟ್ಟ.

"ಹಸೀ ಬಾಣಂತಿ ಮುಂದ ಕತ್ತಿ ಎತ್ತೀಯೇನಲೇ ಭಾಡ್ಯಾ!" ಎಂದು ಹುಸೇನಬಿ ಎದ್ದಳು. ಕುರ್ಚಿ ಆಟದಲ್ಲಿ ಏಳದವಳು ಎದ್ದಳು. ಅವಳ ಹಿಂದೆ ನಾನು, ನನ್ನ ಹಿಂದೆ ಚೀಲ ಹಿಡಿದ ಸಾಲಗುಂದ, ಗೊರೇಬಾಳದ ಮುದುಕಿಯರು. ಹೆರೋದ ರಾಜ ಕತ್ತಿ ಎಸೆದು "ಮಮ್ಮೀ" ಎಂದು ಓಡಿದ. ಅವನು ಅಂದು ಹೇಳಿದ್ದರಲ್ಲಿ ನಮಗೆಲ್ಲ ತಿಳಿದ ಇಂಗ್ಲಿಷ್ ಅದೊಂದೇ.

ಸಿಸ್ಟರ್ ವೇದಿಕೆಗೆ ಬಂದರು. ಮುಖ ಕೆಂಪಾಗಿತ್ತು. "ಅಜ್ಜಿ, ದಯವಿಟ್ಟು ಕೆಳಗಿಳಿಯಿರಿ. ಮೇರಿ ಈಗ ಈಜಿಪ್ಟಿಗೆ ಹೋಗಬೇಕು."

"ಇವತ್ತ ಹಡೆದಾಕಿನ್ನ ಎಬ್ಬಸಾಕತ್ತೀರಲ್ರೀ ಸಿಸ್ಟರ್. ಎಲ್ಲೀ ಹೋಗಂಗಿಲ್ಲ ಅಕಿ," ಎಂದು ನಾನು ಶರಣಿಯ ಉಡಿಗೆ ಅಕ್ಕಿ-ಕೊಬ್ಬರಿ ಹಾಕಿದೆ. ಹುಸೇನಬಿ ಅವಳ ಬಾಯಿಗೆ ಖರ್ಜೂರ ಇಟ್ಟಳು, ಸ್ಟೆಪ್ನಿಗೂ ಒಂದು ಕೊಟ್ಟಳು. ಒಬ್ಬೊಬ್ಬರೇ ಬಂದು ಕಣ ಇಟ್ಟು, ಕೂಸಿನ ಕೆನ್ನೆ ಸವರಿ ದೃಷ್ಟಿ ತೆಗೆದು ಇಳಿದರು. ಮುಖ್ಯ ಅತಿಥಿ ಇದನ್ನೂ ನಾಟಕವೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅತಿಥಿ ಎದ್ದರೆ ಎಲ್ಲರೂ ಏಳಬೇಕಲ್ಲ, ಇಡೀ ಶಾಲೆ ಎದ್ದಿತು. ಕೂತದ್ದು ಶರಣಿ ಮತ್ತು ಅವಳ ಪಕ್ಕದ ತಂಗಿ ಮಾತ್ರ. ಪರದೆ ಬೀಳುವವರೆಗೂ ಮೇರಿ ನನ್ನ ಮೊಮ್ಮಗಳೇ ಆಗಿದ್ದಳು.

ಎಲ್ಲ ಮುಗಿದ ಮೇಲೆ ಸಿಸ್ಟರ್ ಬೈಯಲೆಂದೇ ಬಂದರು. ಶರಣಿಯ ಕಿವಿಯಿಂದ ಹತ್ತಿ ತೆಗೆದು ಅಂಗೈಯಲ್ಲಿ ಹಿಡಿದು ನೋಡಿದರು. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದೆಂದು ನಾನೇ ಇಟ್ಟದ್ದು ಎಂದೆ. ಬೈಗುಳ ಮರೆತು, "ನಿಮ್ಮ ಊರಲ್ಲಿ ಬಾಣಂತಿಯರನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರಾ?" ಎಂದು ಕೇಳಿದರು.

ಮುದುಕಿಯರೆಲ್ಲ ನಕ್ಕೆವು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಯಾರ್ರೀ ನೋಡ್ಯಾರ?" ಎಂದಳು ಹುಸೇನಬಿ. "ನಾ ಹಡೆದಾಗ ಕಾಲುವಿಗೆ ನೀರು ಬಿಟ್ಟಿದ್ರು. ಕೂಸಿಗೆ ಬೇವಿನ ಗಿಡಕ್ಕ ಜೋಳಿಗಿ ಕಟ್ಟಿ ನಾನು ಗದ್ದ್ಯಾಗ ಭತ್ತ ನಾಟಿ ಮಾಡಾಕ ನಿಂತಿದ್ದೆ. ಸೊಂಟ ಆವಾಗ ಹೋದದ್ದು ಇನ್ನೂ ಬಂದಿಲ್ಲ."

ನನ್ನ ಕಥೆಯೂ ಅದೇ, ಗದ್ದೆ ಮಾತ್ರ ಬೇರೆ. ಅಂಟಿನುಂಡೆ ಕಟ್ಟುವುದು ನಮಗೆಲ್ಲ ಗೊತ್ತು; ಕೂತು ತಿಂದವರು ನಮ್ಮಲ್ಲಿ ಕಡಿಮೆ. ಸಿಸ್ಟರ್ ಒಂದು ಕುರ್ಚಿ ಎಳೆದು ಹುಸೇನಬಿಗೆ ಕೊಟ್ಟರು. ಉಳಿದ ಉಂಡೆಯಲ್ಲಿ ಒಂದನ್ನು ನಾನೇ ಅವರ ಕೈಗಿಟ್ಟೆ. ಹಗಲೆಲ್ಲ ನಿಂತೇ ಇರುತ್ತಾರೆ, ಸೊಂಟ ಅವರಿಗೂ ಇದೆ.

ಆಟೋದಲ್ಲಿ ಶರಣಿ ಕೇಳಿದಳು: "ಅಮ್ಮ, ನಾ ಚಲೋ ಮಾಡಿದ್ನಾ?"

"ನೀ ಏನೂ ಮಾಡಲಿಲ್ಲ," ಎಂದೆ. "ಚಲೋ ಆತು."

ಈ ವರ್ಷ ಅವಳಿಗೆ ಮತ್ತೆ ಮರದ ಪಾತ್ರ. ನಾಟಕದಲ್ಲಿ ಹೆರಿಗೆಯೇ ಇಲ್ಲ, ಸಿಸ್ಟರ್ ಹುಷಾರಾಗಿದ್ದಾರೆ. ಇಡೀ ಹೊತ್ತು ನಿಂತಿರಬೇಕಲ್ಲೇ ಎಂದು ನಾನು ಮರುಗಿದರೆ, ಹುಡುಗಿ ನಕ್ಕಳು. "ಇಲ್ಲಮ್ಮ, ಮರಕ್ಕ ಕುರ್ಚಿ ಕೊಡ್ತೀನಂತ ಸಿಸ್ಟರ್ ಹೇಳ್ಯಾರ."

ಕುರ್ಚಿಯ ಮೇಲೆ ಕೂತ ಮರವನ್ನು ನಾನು ಈವರೆಗೆ ಕಂಡಿಲ್ಲ, ಹೋಗಿ ನೋಡಬೇಕು. ಹುಸೇನಬಿ ಈಗಾಗಲೇ ಚೀಲ ಕೊಡವಿ ಇಟ್ಟಿದ್ದಾಳೆ. "ಮರದ ಮುಂದ ಬರಿಗೈಲೆ ಹೆಂಗ ಹೋಗೋದು? ಏನು ಒಯ್ಯೋಣು?" ಎಂದು ಕೇಳುತ್ತಾಳೆ.

ಒಂದು ತಂಬಿಗೆ ನೀರು ತಗೋ ಎಂದಿದ್ದೇನೆ.