ನಾಗಸಾಕಿಗೆ ಹೋದ ಮುಚ್ಚಳ

ಕಳೆದ ತಿಂಗಳು ನಾದಿನಿ ಒಂದು ಡಬ್ಬಿ ಹಸಿರು ಚಹಾ ತಂದುಕೊಟ್ಟಳು. ಕುಡಿದರೆ ತೂಕ ಇಳಿಯುತ್ತದಂತೆ. ಬಿಸಿನೀರು ಸುರಿದದ್ದೇ ತಡ, ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ ಮೈಸೂರಿನ ನನ್ನ ಅಡುಗೆಮನೆಯನ್ನೆಲ್ಲ ತುಂಬಿತು. ನಾನು ಲೋಟ ಹಿಡಿದು ಒಬ್ಬಳೇ ನಗತೊಡಗಿದೆ. "ಇದು ದನಕ್ಕೆ ಹಾಕುವುದಲ್ವಾ? ಸಕ್ಕರೆಯಾದರೂ ಹಾಕ್ಲಿಕ್ಕೆ ಹೇಳು ಮಾರಾಯ್ತಿ" ಎಂದು ಕಿವಿಯ ಪಕ್ಕದಲ್ಲೇ ಯಾರೋ ಅಂದ ಹಾಗಾಯಿತು... ಉಮ್ಮನ ದನಿ.

ನಾವು ಸೌದಿಯ ಜಿದ್ದಾದಲ್ಲಿ, ಶರಫಿಯಾ ಬಡಾವಣೆಯಲ್ಲಿದ್ದ ವರ್ಷಗಳಲ್ಲಿ ಉಮ್ಮ ನಮ್ಮ ಎದುರಿನ ಫ್ಲ್ಯಾಟಿನಲ್ಲಿದ್ದರು. ಬಂಟ್ವಾಳದ ಕಡೆಯ ಬ್ಯಾರಿ ಹೆಂಗಸು. ಮಗ ಉಮ್ಮ ಎಂದು ಕರೆಯುತ್ತಿದ್ದ, ಹಾಗಾಗಿ ಕಟ್ಟಡದವರಿಗೆಲ್ಲ ಉಮ್ಮ, ನನಗೂ. ಆ ಮಗ ಮತ್ತು ನನ್ನ ಗಂಡ ಒಂದೇ ಕಂಪನಿಯಲ್ಲಿ ಏರ್‌ಕಂಡೀಷನರ್ ಮಾರುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಅವರ ಮನೆಯಲ್ಲಿ ತುಪ್ಪದನ್ನ. ಅದರ ಜೊತೆ ನನಗೆಂದೇ ಬೇರೆ ಪಾತ್ರೆಯಲ್ಲಿ ಬೇಳೆಸಾರು. "ಇದಕ್ಕೆ ಮೀನಿನ ಸೌಟು ತಾಗಲಿಲ್ಲ, ಅಲ್ಲಾಹನಾಣೆ" ಎಂದು ಪ್ರತಿ ವಾರವೂ ಪ್ರಮಾಣ ಮಾಡಿಯೇ ಬಡಿಸುತ್ತಿದ್ದರು.

ಆ ತುಪ್ಪದನ್ನ ಆಗುತ್ತಿದ್ದದ್ದು ಒಂದು ಹಳೆಯ ಜಪಾನಿ ರೈಸ್ ಕುಕ್ಕರಿನಲ್ಲಿ. ಉಮ್ಮನ ಗಂಡ ಜಿದ್ದಾದಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಕೊಂಡು ಊರಿಗೆ ಹೊತ್ತುಕೊಂಡು ಹೋದದ್ದು. ಅವರು ತೀರಿಕೊಂಡ ಮೇಲೆ ಮಗ ಉಮ್ಮನನ್ನು ತನ್ನಲ್ಲಿಗೆ ಕರೆಸಿಕೊಂಡಾಗ, ಕುಕ್ಕರೂ ಅವರ ಜೊತೆ ವಿಮಾನ ಹತ್ತಿ ವಾಪಸು ಜಿದ್ದಾಕ್ಕೆ ಬಂದಿತ್ತು. ಒಂದು ದಿನ ಅದರ ಮುಚ್ಚಳದ ಹಿಡಿ ಮುರಿಯಿತು. ರಿಪೇರಿಯವನು ಬೇರೆ ಹಿಡಿ ಕೂರಿಸಿಕೊಡುತ್ತೇನೆಂದ. ಉಮ್ಮ ಒಪ್ಪಲಿಲ್ಲ.

"ಜಪಾನಿನ ತಲೆಗೆ ಚೀನಾದ ಟೊಪ್ಪಿಯಾ? ಬೇಡ."

"ಹಾಗಾದ್ರೆ ಜಪಾನಿಗೇ ಹೋಗಿ" ಎಂದನಂತೆ ಅವನು ರೇಗಿ.

ಆ ವರ್ಷ ಬೇಸಿಗೆಯಲ್ಲಿ ಏರ್‌ಕಂಡೀಷನರ್‌ಗಳು ಬಿಸಿ ಸಮೋಸದ ಹಾಗೆ ಖರ್ಚಾದವು. ಖುಷಿಯಾದ ಕಂಪನಿ ಕೆಲವರಿಗೆ ಹಡಗಿನ ಪ್ರವಾಸ ಕೊಟ್ಟಿತು. ಹಾಂಕಾಂಗ್‌ನಲ್ಲಿ ಹತ್ತುವುದು, ನಡುವೆ ಒಂದು ದಿನ ನಾಗಸಾಕಿಯಲ್ಲಿ ಇಳಿದು ಊರು ನೋಡುವುದು. ಒಬ್ಬೊಬ್ಬರಿಗೆ ಎರಡು ಟಿಕೆಟ್. ನನ್ನ ಗಂಡನ ಜೊತೆ ನಾನು ಹೊರಟೆ. ಉಮ್ಮನ ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದರಿಂದ ಮಗ ತಾಯಿಯನ್ನು ಕರೆದ. ಹಡಗೂ ಬೇಡ ಗಿಡಗೂ ಬೇಡ ಎನ್ನುತ್ತಿದ್ದವರು ಜಪಾನ್ ಎಂಬ ಮಾತು ಕೇಳಿದ್ದೇ ಒಳಗೆ ಹೋಗಿ ಮುಚ್ಚಳವನ್ನು ಟವೆಲಿನಲ್ಲಿ ಸುತ್ತತೊಡಗಿದರು.

ನಾಗಸಾಕಿಯ ಬಂದರಿನಲ್ಲಿ ತಪಾಸಣೆಯ ಹುಡುಗಿ ಚೀಲ ಬಿಚ್ಚಿಸಿದಳು. ಟವೆಲಿನೊಳಗಿಂದ ಹೊರಬಂದ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮಗ ನಾಚಿಕೆಯಿಂದ ಸಮುದ್ರದ ಕಡೆ ಮುಖ ಮಾಡಿದ.

"ಇದು ಇಲ್ಲಿಯದ್ದೇ. ತವರಿಗೆ ಬಂದದ್ದು ಅಂತ ಹೇಳು ಅವಳಿಗೆ" ಎಂದರು ಉಮ್ಮ ನನಗೆ. ಅದನ್ನು ಇಂಗ್ಲಿಷಿಗೆ ಹೇಗೆ ತರುವುದೋ ತಿಳಿಯದೆ ನಾನು ಸುಮ್ಮನೆ ನಕ್ಕೆ. ಹುಡುಗಿಯೂ ನಕ್ಕಳು.

ಬಸ್ಸಿನಲ್ಲಿ ನಮಗೆ ಸಿಕ್ಕ ಗೈಡ್ ನಿವೃತ್ತ ಮೇಷ್ಟ್ರಂತಿದ್ದ ವಯಸ್ಸಾದ ಮನುಷ್ಯ. ಕೈಯಲ್ಲೊಂದು ಪುಟ್ಟ ಹಳದಿ ಬಾವುಟ. ಐದಕ್ಕೆ ಹಡಗಿನ ಬಾಗಿಲು ಮುಚ್ಚುತ್ತದೆ, ಹಡಗು ಯಾರಿಗೂ ಕಾಯುವುದಿಲ್ಲ ಎಂದು ಪ್ರತಿ ಮಾತಿನ ಕೊನೆಗೂ ಎಚ್ಚರಿಸುತ್ತಿದ್ದರು. ಮೊದಲು ಒಂದು ಕಲ್ಲಿನ ಸೇತುವೆಗೆ ಕರೆದುಕೊಂಡು ಹೋದರು. ಅದರ ಎರಡು ಕಮಾನುಗಳೂ ನೀರಿನಲ್ಲಿ ಕಾಣುವ ನೆರಳೂ ಸೇರಿದರೆ ಕನ್ನಡಕದ ಹಾಗಿರುತ್ತದೆ ಎಂದು ವಿವರಿಸಿದರು. ಅವರ ಇಂಗ್ಲಿಷನ್ನು ನಾನು ಉಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಕನ್ನಡಕ ಸರಿ. ಪಾತ್ರೆ ಅಂಗಡಿ ಎಲ್ಲುಂಟು ಕೇಳು" ಎಂದರು ಉಮ್ಮ.

ಅವರಿಗೆ ಪರದೇಶವೆಂದರೆ ಸೌದಿ. ಪರದೇಶದ ಭಾಷೆಯೆಂದರೆ ಅರಬ್ಬಿ. ಜಪಾನೂ ಪರದೇಶವೇ ಆದ್ದರಿಂದ ಅಲ್ಲಿಯವರೊಡನೆ ಧೈರ್ಯವಾಗಿ ಅರಬ್ಬಿಯಲ್ಲೇ ಮಾತಾಡಿದರು. ಗೈಡನ್ನು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿದರು. ಆ ಮನುಷ್ಯ ಅದು ತನಗೆ ಮಾಡಿದ ವಂದನೆ ಎಂದುಕೊಂಡರೋ ಏನೋ, ಪ್ರತಿ ಸಲವೂ ತಲೆಬಾಗಿಸಿ ತಾವೂ "ಯಲ್ಲಾ" ಎನ್ನುತ್ತಿದ್ದರು.

ಆಮೇಲೆ ಬಾಂಬಿನಲ್ಲಿ ಸತ್ತವರ ನೆನಪಿನ ಉದ್ಯಾನ. ಅಲ್ಲೊಂದು ಕಾರಂಜಿ. ಸುಟ್ಟ ಮೈಯವರು ನೀರು, ನೀರು ಎಂದು ಕೂಗುತ್ತಲೇ ಪ್ರಾಣಬಿಟ್ಟರು, ಅವರಿಗಾಗಿ ಕಟ್ಟಿಸಿದ್ದು ಇದು ಎಂದರು ಗೈಡ್. ನಾನು ಮೆಲ್ಲಗೆ ಅದನ್ನು ಹೇಳಿದಾಗ ಉಮ್ಮ ಅಂಗಡಿಯ ವಿಷಯ ಎತ್ತಲಿಲ್ಲ. ಚೀಲದಿಂದ ಮೆಕ್ಕಾದ ಪವಿತ್ರ ಝಮ್‌ಝಮ್ ನೀರಿನ ಸಣ್ಣ ಬಾಟಲಿ ತೆಗೆದರು. ಎಲ್ಲಿ ಹೋದರೂ ಅದು ಅವರ ಜೊತೆಗಿರುತ್ತಿತ್ತು.

"ಉಮ್ಮಾ, ಅದು ನಿಮಗೆ ಕುಡೀಲಿಕ್ಕೆ ತಂದದ್ದು" ಎಂದ ಮಗ.

"ನನಗೆ ಹಡಗಿನಲ್ಲಿ ಬೇಕಾದಷ್ಟು ನೀರುಂಟು" ಎಂದು ಅಷ್ಟನ್ನೂ ಕಾರಂಜಿಯ ಅಂಚಿನಲ್ಲಿ ಸುರಿದು, ಕಣ್ಣುಮುಚ್ಚಿ ತುಟಿಯಲ್ಲೇ ಏನೋ ಓದಿಕೊಂಡರು. ಗೈಡ್ ಟೋಪಿ ತೆಗೆದು ಪಕ್ಕದಲ್ಲಿ ನಿಂತರು.

ಅಲ್ಲಿಂದ ಮುಂದೆ ಆ ಗೈಡಿಗೆ ಉಮ್ಮನ ಮೇಲೆ ಒಂದು ಬಗೆಯ ಮಮತೆ ಹುಟ್ಟಿತು. ಮಧ್ಯಾಹ್ನ ಬೆಂಚಿನ ಮೇಲೆ ಕೂತು ನಾವು ಕಟ್ಟಿಕೊಂಡು ತಂದದ್ದನ್ನು ತಿನ್ನುವಾಗ ಉಮ್ಮ ಕೊಟ್ಟ ಖರ್ಜೂರವನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಉಮ್ಮ ಅದೇ ಸಮಯ ನೋಡಿ ಮುಚ್ಚಳ ಬಿಚ್ಚಿ ತೋರಿಸಿದರು. ನಾನು ಕಥೆ ಹೇಳಿದೆ. ಅಂಗಡಿ ಹುಡುಕುವಷ್ಟು ಹೊತ್ತಿಲ್ಲ ಎಂದು ಗೈಡ್ ಬಹಳ ನೊಂದುಕೊಂಡು ಹೇಳಿದರು.

ಕೊನೆಯದಾಗಿ ಮಾಡು ಹೊದಿಸಿದ ಒಂದು ಉದ್ದನೆಯ ಅಂಗಡಿಬೀದಿಗೆ ಬಿಟ್ಟರು. ಏನಾದರೂ ಕೊಳ್ಳುವುದಿದ್ದರೆ ಕೊಂಡು ಬಾವುಟದ ಹತ್ತಿರ ಬನ್ನಿ ಎಂದರು. ಎಲ್ಲರೂ ಬಂದರು. ಉಮ್ಮ ಬರಲಿಲ್ಲ.

ಮಗ ಬಿಳುಚಿಕೊಂಡ. ಅವರ ಬಳಿ ಫೋನಿರಲಿಲ್ಲ, ಪಾಸ್‌ಪೋರ್ಟ್ ಮಗನ ಜೇಬಿನಲ್ಲಿತ್ತು. "ಉಮ್ಮಾ! ಉಮ್ಮಾ!" ಎಂದು ಅವನು ಬೊಬ್ಬೆ ಹಾಕಿದಾಗ, ಪಿಸುಮಾತಿನಲ್ಲೇ ವ್ಯಾಪಾರ ನಡೆಯುವ ಆ ಬೀದಿ ಬೆಚ್ಚಿಬಿತ್ತು. ಗೈಡ್ ಬಾವುಟವನ್ನು ನನ್ನ ಗಂಡನ ಕೈಗೆ ತುರುಕಿ, ಮಿಕ್ಕವರನ್ನು ಬಸ್ಸಿಗೆ ಕರೆದೊಯ್ಯಲು ಹೇಳಿ ಓಡಿದರು. ನಾನೂ ಮಗನೂ ಹಿಂದೆ ಓಡಿದೆವು. ಬಟ್ಟೆಯಂಗಡಿಯ ಹುಡುಗಿಯನ್ನು ಕೇಳಿದರೆ ಅವಳು ಮುಂದಕ್ಕೆ ಕೈತೋರಿಸಿದಳು. ಆ ಕೈಯಲ್ಲೊಂದು ಖರ್ಜೂರ. ಮೀನಂಗಡಿಯವನು ಬಲಕ್ಕೆ ತೋರಿಸಿದ. ಅವನ ಗಲ್ಲಾದ ಮೇಲೊಂದು ಖರ್ಜೂರ. ಮೂಲೆಯಲ್ಲಿ ನಿಂತಿದ್ದ ಪೊಲೀಸಿನವನು ಖರ್ಜೂರ ಅಗಿಯುತ್ತಿದ್ದದ್ದರಿಂದ ಬಾಯಿ ತೆರೆಯದೆ ಗಲ್ಲಿಯೊಂದನ್ನು ತೋರಿಸಿದ. ಹೀಗೆ ಮದೀನಾದ ಖರ್ಜೂರದ ಜಾಡು ಹಿಡಿದು ಹೋದ ನಮಗೆ ಗಲ್ಲಿಯ ಕೊನೆಯ ರಿಪೇರಿ ಅಂಗಡಿಯಲ್ಲಿ ಉಮ್ಮ ಸಿಕ್ಕಿದರು. ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಅವರು ಕೂತಿದ್ದರು. ಅಂಗಡಿಯ ಮುದುಕಿ ಹಸಿರು ಚಹಾ ಕೊಟ್ಟಿದ್ದಳು. ಆ ದನಕ್ಕೆ ಹಾಕುವ ಮಾತು ಆಡಿದ್ದು ಆಗಲೇ. ಮಗ ಬಾಗಿಲಿಗೊರಗಿ ಕೂತೇಬಿಟ್ಟ.

ಮುದುಕಿಯ ಗಂಡ ಕನ್ನಡಕ ಹಾಕಿಕೊಂಡು ಮುಚ್ಚಳವನ್ನು ದೀಪಕ್ಕೆ ಹಿಡಿದಿದ್ದ. ಅದರ ಒಳಮೈಯಲ್ಲಿ ಅಚ್ಚೊತ್ತಿದ್ದ ಹೆಸರನ್ನು ಬೆರಳಿನಿಂದ ಸವರಿದ, ಮತ್ತೊಮ್ಮೆ ಸವರಿದ. ಆಮೇಲೆ ಗೈಡಿನ ಕಿವಿಯಲ್ಲಿ ಏನೋ ಅಂದ. ಗೈಡ್ ಕೆಂಪಾದರು. ನನ್ನನ್ನು ಬದಿಗೆ ಕರೆದು, ಹೆಸರಿನಲ್ಲಿ ಒಂದಕ್ಷರ ಬೇರೆಯಿದೆ, ಇದು ಜಪಾನಿನದ್ದಲ್ಲ ಎಂದು, ತಾವೇ ತಪ್ಪು ಮಾಡಿದವರ ಹಾಗೆ ಕ್ಷಮೆ ಕೇಳಿದರು.

ನಾನು ಉಮ್ಮನ ಮುಖ ನೋಡದೆ, "ಹಳೇ ಮಾಡೆಲ್ ಅಂತೆ ಉಮ್ಮ. ಆ ಹಿಡಿ ಈಗ ಬರಲ್ವಂತೆ" ಎಂದೆ. ಅಷ್ಟರಲ್ಲಿ ಮುದುಕ ಡ್ರಾಯರಿನಿಂದ ಒಂದು ಕಪ್ಪು ಹಿಡಿ ಹುಡುಕಿ ತೆಗೆದು ತಿರುಪಿ ಬಿಗಿ ಮಾಡಿದ. ಹಣಕ್ಕೆ ಕೈಯಾಡಿಸಿ ಬೇಡವೆಂದ. ಉಳಿದಿದ್ದ ಖರ್ಜೂರವನ್ನೆಲ್ಲ ಅವನ ಮೇಜಿನ ಮೇಲೆ ಸುರಿದು ಉಮ್ಮ ಎದ್ದರು.

ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂತರು. ಮಗ ಸಿಟ್ಟು ಮಾಡಿಕೊಂಡು ಹಿಂದಿನ ಸೀಟಿಗೆ ಹೋಗಿದ್ದ.

"ನಿನಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ. ಡೂಪ್ಲಿಕೇಟ್, ಅಲ್ವಾ?"

ನಾನು ತಲೆ ತಗ್ಗಿಸಿದೆ.

"ಆ ಮುದುಕನ ಮುಖ ನೋಡುವಾಗಲೇ ಗೊತ್ತಾಯ್ತು. ಶರಫಿಯಾದ ಚಿನ್ನದಂಗಡಿಯವ ಬಳೆ ಉಜ್ಜಿ ನೋಡಿ ಹೀಗೇ ಮುಖ ಮಾಡುವುದು."

ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ಹೆದರಿ ನೋಡಿದರೆ, ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. "ಏರ್‌ಪೋರ್ಟಿಂದ ಮನೆವರೆಗೆ ಮಡಿಲಲ್ಲಿ ಇಟ್ಟುಕೊಂಡು ತಂದದ್ದು ನನ್ನವರು. ಒಂದು ವಾರ ಯಾರಿಗೂ ಮುಟ್ಲಿಕ್ಕೆ ಬಿಡಲಿಲ್ಲ. ಎಷ್ಟು ಚಂದ ಮೋಸ ಹೋಗಿದ್ದಾರೆ ನೋಡು!" ಎಂದವರು ದನಿ ತಗ್ಗಿಸಿದರು. "ಮಗನಿಗೆ ಹೇಳ್ಬೇಡ. ಅಪ್ಪ ಜಪಾನಿಂದು ತಂದಿದ್ದಾರೆ ಅಂತ ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದವ ಅವನು."

ಬಂದರು ಮುಟ್ಟಿದಾಗ ಹಡಗಿನ ಸಿಬ್ಬಂದಿ ಎರಡೂ ಕೈ ಬೀಸಿ ಕರೆಯುತ್ತಿದ್ದರು. ಗೈಡ್ ಬಾವುಟ ಎತ್ತಿ ಮುಂದೆ ಓಡಿದರು. ಅವರ ಹಿಂದೆ ಅಬಾಯಾದ ಕಪ್ಪು ನಿಲುವಂಗಿ ಎತ್ತಿ ಹಿಡಿದ ಉಮ್ಮ ನಮಗೇ "ಯಲ್ಲಾ, ಯಲ್ಲಾ" ಎಂದು ಗದರುತ್ತಾ ಓಡಿದರು. ಮೇಲೆ ಹೋಗಿ ನೋಡಿದರೆ ಆ ಮನುಷ್ಯ ಇನ್ನೂ ಕೆಳಗೆ ನಿಂತು ಬಾವುಟ ಬೀಸುತ್ತಿದ್ದರು.

"ಪಾಪ, ಅವರಿಗೊಂದು ಊಟ ಹಾಕ್ಲಿಲ್ಲ ನಾವು" ಎಂದರು ಉಮ್ಮ.

ಜಿದ್ದಾಕ್ಕೆ ಮರಳಿದ ಮೇಲೆ ಕಟ್ಟಡದ ಹೆಂಗಸರೆಲ್ಲ ಜಪಾನಿನಲ್ಲಿ ಎಂತ ನೋಡಿದಿರಿ ಎಂದು ಮುತ್ತಿಕೊಂಡರು. "ಒಂದು ಕನ್ನಡಕ, ಒಂದು ಅಂಗಡಿ" ಎನ್ನುತ್ತಿದ್ದರು ಉಮ್ಮ. ಕಾರಂಜಿಯ ಸುದ್ದಿಯನ್ನು ಯಾರಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಆಮೇಲೆ ಸೌದಿಯಲ್ಲಿ ಸಂಸಾರ ಇಟ್ಟುಕೊಳ್ಳುವುದೇ ದುಬಾರಿಯಾಯಿತು. ಕಟ್ಟಡದ ಫ್ಲ್ಯಾಟುಗಳು ಒಂದೊಂದಾಗಿ ಖಾಲಿಯಾದವು. ಉಮ್ಮ ಸೊಸೆ ಮೊಮ್ಮಗುವಿನೊಡನೆ ಊರಿಗೆ ಹೋದರು, ನಾವು ಮೈಸೂರಿಗೆ ಬಂದೆವು. ಹೋಗಿ ನೋಡಬೇಕು ಎಂದು ಪ್ರತಿ ರಜೆಯಲ್ಲೂ ಅಂದುಕೊಂಡೆ... ಹೋಗಲಿಲ್ಲ. ಎರಡು ವರ್ಷದ ಹಿಂದೆ ಮಗ ಫೋನ್ ಮಾಡಿ ಉಮ್ಮ ಹೋದರು ಎಂದ. ಮಾತು ಮುಗಿಸುವ ಮೊದಲು, ಆ ಪ್ರವಾಸದ್ದು ಉಮ್ಮನ ಫೋಟೋ ಏನಾದರೂ ಇದೆಯಾ ಅಕ್ಕಾ ಎಂದು ಕೇಳಿದ.

ಉಮ್ಮ ಫೋಟೋಕ್ಕೆ ನಿಲ್ಲುತ್ತಿರಲಿಲ್ಲ. ಕ್ಯಾಮೆರಾ ಕಂಡರೆ ಮುಖ ತಿರುಗಿಸಿ ನಡೆದುಬಿಡುತ್ತಿದ್ದರು. ಇಡೀ ದಿನ ಕೂತು ಹಳೆಯದನ್ನೆಲ್ಲ ಜಾಲಾಡಿದೆ. ಸೇತುವೆ ಇತ್ತು, ಬಸ್ಸಿತ್ತು, ನಗುವ ನಾವಿದ್ದೆವು. ಒಂದರಲ್ಲಿ ಮಾತ್ರ ಚಿತ್ರದ ಅಂಚಿನಲ್ಲಿ ಅಬಾಯಾದ ಕಪ್ಪು ತೋಳು, ಅದರಿಂದ ಹೊರಚಾಚಿದ ಒಂದು ಕೈ, ಮೇಲೆತ್ತಿದ ತೋರುಬೆರಳು. ಮುಖವಿಲ್ಲ. ಕಳಿಸಲೋ ಬೇಡವೋ ಎಂದು ಯೋಚಿಸಿ ಕೊನೆಗೆ ಕಳಿಸಿದೆ.

ಆಮೇಲೆ ವಾಟ್ಸಾಪಿನಲ್ಲಿ ಅವನ ದನಿ ಬಂತು.

"ಹೌದು ಅಕ್ಕಾ, ಉಮ್ಮನೇ. ನನಗೆ ಬೈತಾ ಇರುವುದು."