ಮುತ್ತಜ್ಜನಿಗೊಂದು ಸೀಟು

ಅಲ್ಫಿಯಸ್ ಮ್ತೆತ್ವಾನ ಬಾಯಿಗೆ ಹೊಂದುವ ಬೀಗವನ್ನು ಇನ್ನೂ ಯಾರೂ ತಯಾರಿಸಿಲ್ಲ ಎಂದು ಸೊಮ್ಖೆಲೆ ಊರಿನ ಜನ ಆಡಿಕೊಳ್ಳುತ್ತಿದ್ದರು. ಜೀವಮಾನವೆಲ್ಲ ಬಸ್ ಕಂಡಕ್ಟರ್ ಆಗಿದ್ದವನು. ಸ್ಟಾಪಿನ ಹೆಸರು ಕೂಗಿದರೆ ಸಾಕಿತ್ತು. ಇವನು ಆ ಊರಲ್ಲಿ ಯಾರ ಹಸು ಕರು ಹಾಕಿತು, ಯಾರ ಮಗಳು ಯಾರ ಜೊತೆ ಓಡಿಹೋದಳು ಎಂಬುದನ್ನೂ ಸೇರಿಸಿಯೇ ಕೂಗುತ್ತಿದ್ದ. ಇಳಿಯಬೇಕಾದವರು ಕತೆ ಮುಗಿಯಲಿ ಎಂದು ಮುಂದಿನ ಸ್ಟಾಪಿನವರೆಗೂ ಕೂತಿರುತ್ತಿದ್ದರು. ನಿವೃತ್ತನಾದ ಮೇಲೆ ಕೇಳುವವರಿಲ್ಲದೆ ಮನೆಯ ಕೋಳಿಗಳಿಗೆ ಹೇಳತೊಡಗಿದ. ಅವು ಮೊಟ್ಟೆ ಇಡುವುದನ್ನೇ ಕಡಿಮೆ ಮಾಡಿದವು ಎಂಬುದು ಹೆಂಡತಿಯ ದೂರು.

ಇಂಥವನ ತಲೆಗೆ ಮುತ್ತಜ್ಜನನ್ನು ಮನೆಗೆ ಕರೆತರುವ ಕೆಲಸ ಬಂತು.

ಮುತ್ತಜ್ಜ ಸಿಗುಬುಡು ಸುಮಾರು ನೂರೈವತ್ತು ವರ್ಷದ ಹಿಂದೆ ಇಸಂಡ್ಲ್ವಾನಾ ಬೆಟ್ಟದ ಕೆಳಗೆ ನಡೆದ ಯುದ್ಧದಲ್ಲಿ ಇಂಗ್ಲಿಷರ ಗುಂಡೇಟಿಗೆ ಸತ್ತವನು. ಯುದ್ಧ ಗೆದ್ದದ್ದು ನಮ್ಮವರೇ. ಆದರೆ ಗೆದ್ದ ಗಲಾಟೆಯಲ್ಲಿ ಅವನನ್ನು ಕರೆತರಲು ಯಾರಿಗೂ ಪುರುಸೊತ್ತಾಗಲಿಲ್ಲ. ಅದಕ್ಕೊಂದು ಪದ್ಧತಿಯಿದೆ: ಮನೆಯ ಹಿರಿಯ ಗಂಡಸು, ಅವನು ಸತ್ತ ಜಾಗಕ್ಕೆ ಕಾಡೆಲಚಿಯ ಮುಳ್ಳುಕೊಂಬೆ ಹಿಡಿದು ಹೋಗಿ, ಹೆಸರು ಹಿಡಿದು ಕರೆದು, ಆ ಕೊಂಬೆಯಲ್ಲಿ ಅವನ ಆತ್ಮವನ್ನು ತರಬೇಕು. ಅವನಿಗೆಂದೇ ಬೇರೆ ಸೀಟು ಹಿಡಿಯಬೇಕು. ತಿರುವು ಬಂದರೆ ತಿರುವು, ಹೊಳೆ ಬಂದರೆ ಹೊಳೆ ಎಂದು ಹೇಳುತ್ತಿರಬೇಕು. ಇಲ್ಲದಿದ್ದರೆ ಅವನು ಅಲ್ಲೇ ಉಳಿದುಬಿಡುತ್ತಾನೆ. ಎಲ್ಲಕ್ಕಿಂತ ಮುಖ್ಯ, ಮನೆ ಮುಟ್ಟುವವರೆಗೆ ಬದುಕಿರುವವರ ಜೊತೆ ಒಂದು ಮಾತೂ ಆಡಕೂಡದು.

"ಬೇರೆ ಯಾರನ್ನಾದ್ರೂ ಕಳಿಸಕ್ಕಾ," ಎಂದ ಅಲ್ಫಿಯಸ್.

ಅಕ್ಕ ಜೊಡ್ವಾಳಿಗೆ ಎರಡು ಚಳಿಗಾಲದಿಂದ ಅದೇ ಕನಸು. ಮುತ್ತಜ್ಜ ತೊಪ್ಪೆಯಾಗಿ ನೆನೆದು ಗೇಟಿನಾಚೆ ನಿಂತಿದ್ದಾನೆ, ಒಳಗೆ ಬಾ ಎಂದರೆ ಬರುವುದಿಲ್ಲ.

"ಬೇರೆ ಯಾರಿದಾರೋ? ಇರೋ ಗಂಡಸು ನೀನೊಬ್ಬ, ಅದೂ ಹೀಗೆ! ನಾನು ಇವತ್ತೋ ನಾಳೆಯೋ ಆ ಕಡೆ ಹೋಗೋಳು. 'ನನ್ನ ಗಂಡನ್ನ ಗೇಟಲ್ಲೇ ಬಿಟ್ಟು ಬಂದ್ಯೇನೇ' ಅಂತ ಮುತ್ತಜ್ಜಿ ಕೇಳಿದ್ರೆ ಯಾವ ಮುಖ ತೋರಿಸ್ಲಿ?" ಎಂದು ಅತ್ತೇಬಿಟ್ಟಳು. ಅಕ್ಕ ಅಳುವುದನ್ನು ಅವನು ನೋಡಿದ್ದು ಅದೇ ಮೊದಲು. ಮಾರನೆಯ ದಿನವೇ ಹೊರಟ.

ಕರೆಯುವ ಕೆಲಸವೇನೋ ಸಲೀಸಾಗಿ ಆಯಿತು. ತಿರುಗಿ ಬರಲು ಗೊತ್ತುಮಾಡಿದ್ದ ವ್ಯಾನು ಮಾತ್ರ ಕೈಕೊಟ್ಟಿತು. ಕೊಂಬೆ ಹಿಡಿದು ಬಿಸಿಲಲ್ಲಿ ನಿಂತಿದ್ದವನ ಮುಂದೆ ಒಂದು ಬಾಡಿಗೆ ಕಾರು ನಿಂತಿತು. ಒಳಗೆ ಡೆನ್ಮಾರ್ಕಿನ ಗಂಡ ಹೆಂಡತಿ, ಹೆನ್ರಿಕ್ ಮತ್ತು ಬಿರ್ಗಿಟ್ಟೆ. ಬೆಳಿಗ್ಗೆ ರಣಭೂಮಿ, ಸಂಜೆಗೆ ಆನೆ ಎಂದು ತಾವೇ ಕಾರು ಓಡಿಸಿಕೊಂಡು ತಿರುಗುತ್ತಿದ್ದರು.

"ಎಲ್ಲಿಗೆ ಹೋಗಬೇಕು?" ಎಂದು ಹೆನ್ರಿಕ್ ಇಂಗ್ಲಿಷಿನಲ್ಲಿ ಕೇಳಿದ.

ಅಲ್ಫಿಯಸ್‌ಗೆ ಉತ್ತರ ಕೊಡುವ ಹಾಗಿರಲಿಲ್ಲ, ಕೇಳಿದವನು ಬದುಕಿದ್ದವನು. ಕೊಂಬೆಯನ್ನು ಮುಖದ ಹತ್ತಿರ ತಂದುಕೊಂಡ. "ಮುತ್ತಜ್ಜ, ನಿಮ್ಮನ್ನ ಕೊಂದವರ ಭಾಷೇಲಿ ಮಾತಾಡ್ತಿದೀನಿ, ಹೊಟ್ಟೆಗೆ ಹಾಕ್ಕೊಳಿ," ಎಂದು ನಮ್ಮ ಭಾಷೆಯಲ್ಲಿ ಬೇಡಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ, "ಮುತ್ತಜ್ಜ, ನಾವು ಸೊಮ್ಖೆಲೆಗೆ ಹೋಗ್ಬೇಕು. ಆ ಆನೆ ಕಾಡು ದಾಟಿದ ಕೂಡಲೇ ನಮ್ಮನೆ. ಇವರು ಒಳ್ಳೆಯವರ ಹಾಗೆ ಕಾಣ್ತಾರೆ, ಹಿಂದಿನ ಸೀಟಲ್ಲಿರೋ ಚೀಲ ತೆಗೆದ್ರೆ ನಿಮಗೂ ಜಾಗ ಆಗುತ್ತೆ," ಎಂದ.

ಬಿರ್ಗಿಟ್ಟೆ ಚೀಲ ತೆಗೆದಳು. ಬೆಲ್ಟ್ ಹಾಕದಿದ್ದರೆ ಕಾರು ಕುಂಯ್‌ಗುಡುತ್ತದೆಂದು ಕೊಂಬೆಗೂ ಬೆಲ್ಟ್ ಬಿಗಿದಳು.

ಕಾರು ಹೊರಟದ್ದೇ ತಡ, ಕಂಡಕ್ಟರನಿಗೆ ಜೀವ ಬಂತು, ನಮ್ಮ ಭಾಷೆಯಲ್ಲೇ ಶುರುಮಾಡಿದ. "ಮುತ್ತಜ್ಜ, ಎಡಕ್ಕೆ ತಿರುಗ್ತಿದೀವಿ. ಆ ಅಂಗಡಿಯವನು ತೂಕದಲ್ಲಿ ಮೋಸ ಮಾಡ್ತಾನೆ. ಇದು ಬಿಳಿ ಉಂಫೊಲೋಜಿ ಹೊಳೆ, ಸೇತುವೆ ಇದೆ, ಕಾಲು ನೆನೆಯಲ್ಲ." ಜೀವನದಲ್ಲಿ ಮೊದಲ ಸಲ ಅವನಿಗೆ ಮಧ್ಯೆ ಬಾಯಿ ಹಾಕದ ಕೇಳುಗ ಸಿಕ್ಕಿದ್ದ. ಡೆನ್ಮಾರ್ಕಿನವರು ಒಂದಕ್ಷರ ಅರ್ಥವಾಗದಿದ್ದರೂ ಪುಕ್ಕಟೆ ಗೈಡ್ ಸಿಕ್ಕನೆಂದು ತಲೆಯಾಡಿಸುತ್ತಿದ್ದರು.

ಕಾಡಿನ ಗೇಟಿನಲ್ಲಿ ಕಾವಲುಗಾರ ಬಗ್ಗಿ ನೋಡಿದ. "ಮೂರು ಜನಾನಾ?"

ಅಲ್ಫಿಯಸ್ ನಾಲ್ಕು ಬೆರಳು ತೋರಿಸಿದ. ಕಾವಲುಗಾರ ಕೊಂಬೆ ನೋಡಿದವನೇ ಟೋಪಿ ತೆಗೆದ. "ಬನ್ನಿ ಅಜ್ಜ, ಬನ್ನಿ. ಅರವತ್ತು ದಾಟಿದವರಿಗೆ ರಿಯಾಯಿತಿ ಇದೆ. ದಾಟಿದಾರೆ ತಾನೆ?"

ಅಲ್ಫಿಯಸ್ ಜೋರಾಗಿ ತಲೆಯಾಡಿಸಿದ. ಕಾವಲುಗಾರ ನಾಲ್ಕು ಟಿಕೆಟ್ ಹರಿದು, ಒಂದನ್ನು ಎರಡೂ ಕೈಯಿಂದ ಕೊಂಬೆಯ ಮೇಲಿಟ್ಟ.

ಕಾಡೊಳಗೆ ಸ್ವಲ್ಪ ದೂರ ಹೋದ ಮೇಲೆ ಒಂದು ಒಂಟಿ ಆನೆ ದಾರಿಗೆ ಅಡ್ಡ ನಿಂತಿತ್ತು. ಫೋಟೋಗೆಂದು ಬಿರ್ಗಿಟ್ಟೆ ಗಾಜು ಇಳಿಸಿದಳು, ಹಿಂದಿನದೂ ಜೊತೆಗೆ ಇಳಿಯಿತು. ಆನೆ ಸೊಂಡಿಲು ಒಳಗೆ ತೂರಿಸಿ, ಮೂಸಿ, ಬೆಲ್ಟಿನೊಳಗಿಂದ ಮುತ್ತಜ್ಜನನ್ನು ಎಳೆದುಕೊಂಡು, ಎಲೆ ತಿನ್ನುತ್ತಾ ರಸ್ತೆಯಲ್ಲೇ ಮುಂದೆ ನಡೆಯಿತು.

"ಏನು ಮಾಡಲಿ?" ಎಂದ ಹೆನ್ರಿಕ್, ಮುಖ ಬಿಳಿಚಿಕೊಂಡು.

ಅಲ್ಫಿಯಸ್‌ನ ಕಣ್ಣ ಮುಂದೆ ಅಕ್ಕನ ಮುಖ ಬಂತು. ಆದರೂ ಹೆನ್ರಿಕ್‌ಗೆ ಉತ್ತರ ಕೊಡಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಆನೆಗೆ ಕೇಳುವಂತೆ ಇಂಗ್ಲಿಷಿನಲ್ಲಿ ಕೂಗಿದ: "ಮುತ್ತಜ್ಜ, ಹೆದರ್ಬೇಡಿ! ನೀವು ಗಾಡಿ ಬದಲಾಯಿಸಿದೀರಿ, ಅಷ್ಟೇ! ನಮ್ಮ ಡ್ರೈವರ್ ನಿಮ್ಮ ಹಿಂದೇನೇ ಬರ್ತಾನೆ, ಬಿಟ್ಟುಹೋಗಲ್ಲ!"

ಹೆನ್ರಿಕ್ ಪಾಪ, ಆನೆಯ ಹಿಂದೆ ಕಾರು ಬಿಟ್ಟ. ಆನೆಗೆ ಅವಸರವಿರಲಿಲ್ಲ. "ಮುತ್ತಜ್ಜ, ಬಲಕ್ಕೆ!" ಎಂದು ಇವನು ಕೂಗಿದರೆ ಆನೆಯೂ ಬಲಕ್ಕೇ ತಿರುಗಿತು. ರಸ್ತೆ ಇದ್ದದ್ದೂ ಆ ಕಡೆಗೇ ಅನ್ನಿ. ಕೊನೆಗೆ ಒಂದು ಕವಲು ಬಂತು. ಆನೆ ನೀರಿನ ಕಡೆ ಹೊರಳಿತು. ಇನ್ನು ಪೊದೆಯೊಳಗೆ ನುಗ್ಗಿದರೆ ಮುಗಿಯಿತು. ಅಲ್ಫಿಯಸ್ ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಹಳೇ ಬಸ್ಸಿನ ಗಂಟಲು ತೆಗೆದ.

"ಸೊಮ್ಖೆಲೆ! ಸೊಮ್ಖೆಲೆಯವರು ಇಳೀರಿ! ಬೇಗ ಬೇಗ ಇಳೀರಿ!"

ಆನೆ ಬೆಚ್ಚಿ ಕಿವಿ ಬಿಚ್ಚಿತು. ಕೊಂಬೆ ಕೆಳಗೆ ಬಿತ್ತು. ಕಾರಿನಿಂದ ಇಳಿಯಕೂಡದೆಂದು ಕಾಡಿನ ತುಂಬ ಬೋರ್ಡು ಹಾಕಿದ್ದಾರೆ. ಅಲ್ಫಿಯಸ್ ಇಳಿದು, ಓಡಿ, ಎತ್ತಿಕೊಂಡು ಬಂದು ಮತ್ತೆ ಬೆಲ್ಟ್ ಬಿಗಿದ. ಎಲೆ ಒಂದೂ ಉಳಿದಿರಲಿಲ್ಲ. ತುದಿಯೂ ಹೋಗಿತ್ತು. ಉಳಿದದ್ದು ಜೊಲ್ಲು ಸುರಿಯುವ ಒಂದು ಮುಳ್ಳುಕಡ್ಡಿ.

ಡೆನ್ಮಾರ್ಕಿನವರು ಮನೆಯ ಗೇಟಿನಲ್ಲಿ ಅವನನ್ನಿಳಿಸಿ, ಕೊಂಬೆಗೂ ಕೈಬೀಸಿ ಹೋದರು. ಅಲ್ಫಿಯಸ್ ಕಡ್ಡಿಯನ್ನು ತೀರಿಕೊಂಡ ಹಿರಿಯರಿಗೆಂದಿರುವ ಗುಡಿಸಲಿನ ಒಳಮೂಲೆಯಲ್ಲಿಟ್ಟ. ಮೇಕೆ ಕಡಿದರು, ಬಿಯರ್ ಹಂಚಿದರು.

"ಎಲೆಗಳೆಲ್ಲೋ?" ಎಂದಳು ಜೊಡ್ವಾ.

"ದಾರೀಲಿ ಗಾಳಿ ಇತ್ತು," ಎಂದ. ಆನೆಯ ಸುದ್ದಿಯನ್ನು ಹೆಂಡತಿಗೂ ಹೇಳಲಿಲ್ಲ, ಕೋಳಿಗಳಿಗೂ ಹೇಳಲಿಲ್ಲ. ಮುತ್ತಜ್ಜನನ್ನು ಆನೆಯ ಹೊಟ್ಟೆಯಲ್ಲಿ ಕಳೆದು ಬಂದೆನೇನೋ ಎಂಬ ಸಂಕಟಕ್ಕೆ ಊಟವೂ ಸೇರಲಿಲ್ಲ.

ಬೆಳಿಗ್ಗೆ ಜೊಡ್ವಾ ಶಾಲಿನ ತುದಿಯಲ್ಲಿ ಕಣ್ಣೊರೆಸುತ್ತ ಬಂದಳು. "ರಾತ್ರಿ ಕನಸಲ್ಲಿ ಒಳಗೆ ಬಂದ್ರು ಕಣೋ. ಮೈಯೆಲ್ಲ ಒಣಗಿತ್ತು. ಒಲೆ ಪಕ್ಕ ಕೂತ್ರು."

"ಏನಂದ್ರು?" ಎಂದ ಅಲ್ಫಿಯಸ್.

"ಇನ್ನೇನಂತಾರೆ, ನಿನ್ನ ಬೈದ್ರು. ದಾರಿಯುದ್ದಕ್ಕೂ ಒಂದು ಗಳಿಗೆ ಕಣ್ಣು ಮುಚ್ಚಕ್ಕೆ ಬಿಡಲಿಲ್ವಂತೆ. ಇನ್ನೊಂದೇನೋ ಅಂದ್ರು, ನಂಗೆ ತಿಳೀಲಿಲ್ಲ. ಮೊದಲನೇ ಗಾಡೀಲಿ ಕಟ್ಟಿಹಾಕಿ ಉಸಿರು ಕಟ್ಟಿಸಿದ್ರಂತೆ. ಎರಡನೇದು ವಾಸಿಯಂತೆ, ಎತ್ತರ ಇತ್ತಂತೆ, ಒಳ್ಳೆ ಗಾಳಿ ಬರ್ತಿತ್ತಂತೆ. ನೀನು ಬಂದಿದ್ದು ಒಂದೇ ಗಾಡೀಲಲ್ವೇನೋ?"

ಅಲ್ಫಿಯಸ್ ಬಾಯಿ ತೆರೆದ. ಕಣ್ಣಿಂದ ನೀರಿಳಿಯಿತು, ಮಾತು ಮಾತ್ರ ಬರಲಿಲ್ಲ.