ಡಬ್ಬಿಯೊಳಗಿನ ಮಳೆ

ನನಗಾಗ ಅರವತ್ತೆರಡು, ಈ ಮಾತಿಗೆ ಹದಿನೆಂಟು ವರ್ಷವಾಯಿತು. "ಏಳ್ರೀ, ಮಗ್ಗದ ಕುಣಿಗೆ ನೀರು ಹೊಕ್ಕೈತಿ!" ಎಂದು ಮಟಮಟ ಮಧ್ಯಾಹ್ನ ಕೂಗುತ್ತಾ ಹಾಸಿಗೆಯಿಂದ ಎದ್ದೆ.

ಹೊರಗೆ ಮಳೆ ಇರಲಿಲ್ಲ. ನಾನು ಕೂಗಿ ಕರೆದ ಗಂಡನೂ ಇರಲಿಲ್ಲ, ಸತ್ತು ವರ್ಷವಾಗಿತ್ತು. ಅವರ ಮಗ್ಗ ನಿಂತಾಗಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲವೆಂದು, ಮಳೆಯ ಸಪ್ಪಳ ಮಾಡುವ ಚಿಕ್ಕ ಯಂತ್ರವೊಂದನ್ನು ಮಗಳು ರೋಣದಿಂದ ತಂದು ತಲೆದಿಂಬಿನ ಬಳಿ ಹಚ್ಚಿಟ್ಟಿದ್ದಳು.

"ಅವ್ವಾ, ನಿನಗ ಚಲೋ ನಿದ್ದಿ ಬರ್ಲಿ ಅಂತ ತಂದೆ" ಎಂದು ಆಕೆ ಅಳತೊಡಗಿದಳು.

"ಮಳಿ ಬಂದ್ರ ನೂಲು ತೊಯ್ತೈತಿ. ನೇಕಾರ್ರ ಮನ್ಯಾಗ ಯಾರಿಗೆ ನಿದ್ದಿ ಬರ್ತೈತಿ, ಹುಚ್ಚಿ? ನಿಮ್ಮಪ್ಪನ ಮಗ್ಗದ ಸಪ್ಪಳ ಐತೇನ ಇದರಾಗ?"

ಇರಲಿಲ್ಲ. ನಲವತ್ತು ವರ್ಷ ನಾನು ಕಣ್ಣು ಮುಚ್ಚಿದ್ದು ಆ ಸಪ್ಪಳಕ್ಕೇ. ಮರುದಿನ ಬೆಳಿಗ್ಗೆ ಮಗ್ಗದ ಧೂಳು ಜಾಡಿಸಿ, ಅವರು ಕೂರುತ್ತಿದ್ದಲ್ಲೇ, ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯತೊಡಗಿದೆ.